ಕೊನೆಯ ಪುಟದ ಕುಣಿತ

ಫಿನ್ಲೆಂಡಿನ ಸರೋವರವೊಂದರ ದಡದ ಸಂಗೀತ ಶಿಬಿರದಲ್ಲಿ ತಾವೆತ್ತಿ ಎಂಬ ಮುದುಕ ಸಂಗೀತಗಾರರು ಕೂಗಿ ಭೂಮಿ ಆಕಾಶ ಒಂದು ಮಾಡಿದರು. ವಾದ್ಯವೃಂದಕ್ಕೆಂದು ಅವರು ರಚಿಸಿದ ಹೊಸ ಸಿಂಫನಿಯ ಕೊನೆಯ ಪುಟ ಕಾಣೆಯಾಗಿತ್ತು. ಕಛೇರಿ ನಾಳೆಯೇ!

"ಇನ್ನೊಂದ್ಸಲ ಬರೆದುಬಿಡಿ ತಾತ," ಅಂದ ಪಿಯಾನೊ ರಿಪೇರಿಯ ಓಸ್ಮೊ.

"ತಲೇಲಿದ್ದಿದ್ದು ಕಾಗದಕ್ಕೆ ಹೋಯ್ತಪ್ಪ. ಈಗ ತಲೆ ಖಾಲಿ!"

ಅಕಾರ್ಡಿಯನ್ ನುಡಿಸುವ ಸಿರ್ಕ ಮೂಲೆಯಲ್ಲಿ ಅಳುತ್ತಿದ್ದಳು. ಜೀವಮಾನವೆಲ್ಲ ಹಳ್ಳಿಯ ಕುಣಿತಗಳಿಗೆ ನುಡಿಸಿದವಳಿಗೆ ದೊಡ್ಡ ವಾದ್ಯವೃಂದದಲ್ಲಿ ನುಡಿಸಲು ಸಿಕ್ಕಿದ್ದು ಆ ಒಂದೇ ಪುಟದ ಕುಣಿತ.

ಶಿಬಿರದ ಮೇಲ್ವಿಚಾರಕಿ ಹಿಲ್ಕ ನಿವೃತ್ತ ಪೊಲೀಸ್. ಗುಟ್ಟಾಗಿ ಅವಳಿಗೆ ಮನಸೋತಿದ್ದ ಓಸ್ಮೊನ ಪಾಲಿಗೆ ಸಾಕ್ಷಾತ್ ದೇವತೆ. ಅವಳು ಎಲ್ಲರ ಚೀಲ, ಹಾಸಿಗೆ ಜಾಲಾಡಿದಳು. ಸಿಗಲಿಲ್ಲ. "ಸರಿ, ಸೌನಾ ಕೋಣೆ ಕಾಯಿಸಿ. ಆವೀಲಿ ಬೆವರಿದ್ರೆ ಬುದ್ಧಿ ಓಡುತ್ತೆ," ಅಂದಳು.

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋರನ್ನ ಕೇಳಿದ್ದೆ. ಸ್ನಾನಕ್ಕೆ ಹೋಗೋರನ್ನ ಈಗಲೇ ನೋಡಿದ್ದು," ಎಂದು ಓಸ್ಮೊ ಗೊಣಗಿದ.

ಮೊದಲು ಹೆಂಗಸರು, ಆಮೇಲೆ ಗಂಡಸರು ಬಟ್ಟೆ ಬಿಚ್ಚಿಟ್ಟು ಆವಿಸ್ನಾನಕ್ಕೆ ಹೋಗಿಬಂದರು. ಡಾಕ್ಟರ್ ಕಲೆರ್ವೊ ಮಾತ್ರ ಕತ್ತಿನವರೆಗೂ ಕೋಟಿನ ಗುಂಡಿ ಹಾಕಿಕೊಂಡು ಜಗಲಿಯಲ್ಲೇ ಕೂತಿದ್ದ. "ನಂಗೆ ನೆಗಡಿ," ಎಂದು ಸೀನಿ ತೋರಿಸಿದ. ತಾವೆತ್ತಿಯವರ ಶೈಲಿ ಹೇಗೆ ಬದಲಾಯಿತೆಂದು ದಪ್ಪ ಪುಸ್ತಕ ಬರೆದ ಪಂಡಿತ ಅವನು: ಯೌವನದಲ್ಲಿ ಗುಡುಗು, ನಡುವಯಸ್ಸಿನಲ್ಲಿ ತುಂತುರು, ಮುಪ್ಪಿನಲ್ಲಿ ಮೌನ.

ಜಗಲಿಯಲ್ಲಿ ಎಲ್ಲರೂ ಸಾಸೇಜ್ ತಿನ್ನುತ್ತಿರುವಾಗ ಹಿಲ್ಕ ಶುರುಮಾಡಿದಳು.

"ಆ ಪುಟ ಇಲ್ದಿದ್ರೆ ಸಿಂಫನಿ ಹೇಗೆ ಮುಗಿಯುತ್ತೆ, ತಾತ?"

"ಸದ್ದಡಗಿ ನಿಂತುಹೋಗುತ್ತೆ."

"ಥೇಟ್ ಡಾಕ್ಟ್ರ ಪುಸ್ತಕದ ಹಾಗೆ! ಕೊನೇಲಿ ಕುಣಿತ ಬಂದ್ರೆ ಆ ಪುಸ್ತಕ ನೀರುಪಾಲು. ಪುಟ ಹೋದ್ರೆ ಲಾಭ ಇವರೊಬ್ಬರಿಗೇ. ಆದ್ರೆ ತಾತ, ನಿಮ್ಮ ಕೈಬರಹ ಸುಡೋಕೆ ವಿದ್ವಾಂಸರಿಗೆ ಮನಸ್ಸು ಬರಲ್ಲ. ಚೀಲದಲ್ಲಿಲ್ಲ, ಹಾಸಿಗೇಲಿಲ್ಲ ಅಂದ್ರೆ ಮೈಮೇಲೇ ಇರಬೇಕು. ಅದಕ್ಕೇ ಸೌನಾ ಕಾಯಿಸಿದ್ದು. ಬಟ್ಟೆ ಬಿಚ್ಚದೇ ಇದ್ದೋರು ಇವರೊಬ್ಬರೇ. ನೆಗಡಿಯಂತೆ! ಫಿನ್ಲೆಂಡಲ್ಲಿ ನೆಗಡಿ ಬಂದೋರೇ ಮೊದಲು ಸೌನಾಗೆ ಓಡೋದು, ಡಾಕ್ಟ್ರೇ!"

ಓಸ್ಮೊ ಬಾಯಿಗಿಟ್ಟ ಸಾಸೇಜನ್ನು ಅಗಿಯುವುದನ್ನೇ ಮರೆತ. ಕಲೆರ್ವೊ ಪೆಚ್ಚಾಗಿ ಅಂಗಿಯೊಳಗಿಂದ ಮುದುರಿದ ಪುಟ ತೆಗೆದ.

"ಆ ಪುಸ್ತಕಕ್ಕೇ ಆಯುಷ್ಯ ಸವೆಸಿದ್ದೀನಿ! ನಿಮ್ಮ ಶೈಲಿ ಮೌನದ ಕಡೆ ಹೋಗ್ತಿತ್ತಲ್ಲ!"

"ಅದು ಶೈಲಿ ಅಲ್ಲಪ್ಪ," ಅಂದರು ತಾವೆತ್ತಿ. "ಹೆಂಡ್ತಿ ತೀರಿಕೊಂಡ್ಲು. ಹೇಳೋಕೆ ಏನೂ ಉಳೀಲಿಲ್ಲ. ಈ ಬೇಸಿಗೇಲಿ ಸಿರ್ಕ ನುಡಿಸಿದ್ದು ಕೇಳಿ ಕಾಲು ತಾನಾಗೇ ಅಲ್ಲಾಡ್ತು. ಬದುಕಿರೋರ ಬಗ್ಗೆ ಕೊನೇ ಅಧ್ಯಾಯ ಬರೀಬೇಡ, ಮಗನೇ."

ಮಾರನೆಯ ದಿನ ಸಿರ್ಕಳ ಸರದಿ ಬಂದಾಗ ತಾವೆತ್ತಿ ಹಿಲ್ಕಳ ಕೈಹಿಡಿದು ಸಭೆಯ ನಡುವೆಯೇ ಕುಣಿಯತೊಡಗಿದರು. ಓಸ್ಮೊನ ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು. ಪುಟ ಮುಗಿಯಿತು. ಮುದುಕ ಇನ್ನೂ ಕುಣಿಯುತ್ತಿದ್ದುದನ್ನು ಕಂಡು ಸಿರ್ಕ ನುಡಿಸುತ್ತಲೇ ಇದ್ದಳು.