ಮೊಳೆಗೆ ನೇತುಹಾಕಿದ ಚೈನ್

ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅವನು ಅಂಗಡಿ ಬಾಗಿಲಲ್ಲಿ ನಿಂತಾಗ, ಅವಳ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಕಾಲ ಮೇಲೇ ಬಿತ್ತು.

ನೋವಾಯಿತು. ಆದರೆ ಅವನ ಮುಂದೆ 'ಅಮ್ಮಾ' ಅನ್ನಲು ಅವಳು ಸಿದ್ಧಳಿರಲಿಲ್ಲ.

ಮೂರು ವರ್ಷ... ಈಗ ದಾರಿ ಗೊತ್ತಾಯಿತೇ ಇವನಿಗೆ?

ಹದಿನಾಲ್ಕು ವರ್ಷ ಸೈಕಲ್ ರೇಸುಗಳಲ್ಲಿ ಹೆಸರು ಮಾಡಿ ನಿವೃತ್ತನಾದವನು ಅವನು. ಜನ ಅವನನ್ನು 'ಗಾಳಿ' ಎಂದೇ ಕರೆಯುತ್ತಿದ್ದರು. ಅವಳು ಅವನ ತಂಡದ ಮೆಕ್ಯಾನಿಕ್. ಅವನ ಕೊನೆಯ ರೇಸಿನಲ್ಲಿ, ಗೆರೆ ಮುಟ್ಟಲು ಇನ್ನೂರು ಮೀಟರ್ ಇರುವಾಗ ಚೈನ್ ತುಂಡಾಗಿತ್ತು. ಮೈಕ್ ಹಿಡಿದು ಬಂದವರಿಗೆ "ಚೈನ್ ಕೈಕೊಡ್ತು" ಎಂದಷ್ಟೇ ಹೇಳಿದ್ದ. ಅಷ್ಟು ಸಾಕಾಯಿತು. ಅಭಿಮಾನಿಗಳು ಅವಳನ್ನು ಹುಡುಕಿ ಹುಡುಕಿ ಬೈದರು. ಕೆಲಸ ಹೋಯಿತು. ಚಿಕ್ಕಪ್ಪನ ಈ ಸೈಕಲ್ ರಿಪೇರಿ ಅಂಗಡಿಯೇ ಗತಿಯಾಯಿತು. "ರೇಸ್ ಮುಗೀಲಿ, ನಿನ್ ಹತ್ರ ಒಂದು ಮಾತು ಕೇಳೋದಿದೆ" ಎಂದಿದ್ದವನು ಆಮೇಲೆ ಒಂದು ಫೋನೂ ಮಾಡಲಿಲ್ಲ. ಮೈ ಉರಿಯದೆ ಇನ್ನೇನು?

"ಏನಾಗ್ಬೇಕಿತ್ತು?" ಗಿರಾಕಿಯನ್ನು ಕೇಳುವಂತೆ ಕೇಳಿದಳು.

"ಮಾತಾಡ್ಬೇಕಿತ್ತು. ಆ ಚೈನ್..."

ಅಷ್ಟರಲ್ಲಿ ಪಂಕ್ಚರ್ ಹಾಕುತ್ತಿದ್ದ ಅವಳ ಚಿಕ್ಕಪ್ಪ ಹಲ್ಲು ಗಿಂಜುತ್ತಾ ಎದ್ದು ಬಂದ. ಒಂದು ಫೋಟೋ ಬೇಕಂತೆ! ಅದಾಯಿತು. ಅವನು ಮತ್ತೆ ಬಾಯಿ ತೆರೆದ. ಔಷಧಿ ಅಂಗಡಿಯವನು ಬಂದ. ಆಮೇಲೆ ದರ್ಜಿ, ದರ್ಜಿಯ ಹೆಂಡತಿ, ಆಕೆಯ ತಂಗಿ... ಬೀದಿಗೆ ಬೀದಿಯೇ ಒಳಗೆ ನುಗ್ಗಿತು. ಅವನು ಎಲ್ಲರ ಜೊತೆಗೂ ನಕ್ಕ. ಅವಳು ಹಲ್ಲು ಕಚ್ಚಿಕೊಂಡು ಒಂದೇ ಚಕ್ರವನ್ನು ನಾಲ್ಕು ಸಲ ಒರೆಸಿದಳು.

'ಈ ನಗು ಉಳಿಸಿಕೊಳ್ಳೋಕೆ ತಾನೇ ನನ್ನನ್ನ ಬಲಿ ಕೊಟ್ಟಿದ್ದು?'

ಎಲ್ಲಿಂದಲೋ ಓಡಿ ಬಂದ ಅಭಿಮಾನಿಯೊಬ್ಬ ವಿಡಿಯೊ ಹಿಡಿಯುತ್ತಾ, ಆ ಮೆಕ್ಯಾನಿಕ್ ಕೆಲಸ ಕೆಡಿಸದಿದ್ದರೆ ಗೆಲುವು ನಿಮ್ಮದೇ ಅಲ್ಲವೇ ಎಂದು ಕೇಳಿದ.

ಚಿಕ್ಕಪ್ಪ ತಲೆ ತಗ್ಗಿಸಿದ. ಅವಳು ಸರ್ರನೆ ಒಳಗೆ ಹೋದಳು. ಮೊಳೆಯಿಂದ ಹಳೆಯ ಚೈನೊಂದನ್ನು ತೆಗೆದು ತಂದು ಅವನ ಮುಂದಿಟ್ಟಳು.

"ಅವತ್ತಿನದೇ. ಒಂದು ಕೊಂಡಿ ತಿರುಚಿಕೊಂಡಿದೆ. ಯಾಕೆ ಅಂತ ನೀವೇ ಹೇಳಿ."

ಅವನ ನಗು ಇಂಗಿತು. ಚೈನ್ ಕೈಗೆತ್ತಿಕೊಂಡು ಫೋನಿನತ್ತ ತಿರುಗಿದ.

"ಇವಳು ಹಾಕಿದ್ದ ಚೈನ್ ಸರಿಯಾಗೇ ಇತ್ತು. ಪೂರ್ತಿ ಬಲ ಹಾಕಿ ತುಳಿಯುವಾಗ ಗೇರ್ ಬದಲಾಯಿಸ್ಬೇಡ ಅಂತ ನೂರು ಸಲ ಹೇಳಿದ್ಲು. ಗೆಲ್ಲೋ ಆತುರದಲ್ಲಿ ಅದನ್ನೇ ಮಾಡ್ದೆ. ತಪ್ಪು ನಂದು. ನಿಮ್ಮ ಚಪ್ಪಾಳೆ ನಿಂತುಹೋಗತ್ತೆ ಅನ್ನೋ ಭಯಕ್ಕೆ ಬಾಯ್ಮುಚ್ಕೊಂಡಿದ್ದೆ."

ಅಭಿಮಾನಿಯ ಫೋನ್ ಕೆಳಗಿಳಿಯಿತು. ಯಾರೋ "ಥೂ" ಅಂದರು. ಒಬ್ಬೊಬ್ಬರಾಗಿ ಎಲ್ಲರೂ ಜಾಗ ಖಾಲಿ ಮಾಡಿದರು. ಚಿಕ್ಕಪ್ಪನಂತೂ ಅವನ ಕಣ್ಣೆದುರೇ ಫೋಟೋ ಅಳಿಸಿ ಚಹಾ ಕುಡಿಯಲು ಹೊರಟ.

ಅವಳ ಕಣ್ಣು ತುಂಬಿ ಬಂತು. ಇಷ್ಟೆಲ್ಲ ಆದಮೇಲೂ ಇವನೇ ಬೇಕು ಅನ್ನಿಸುತ್ತದಲ್ಲ... ತನ್ನ ಮೇಲೇ ಸಿಟ್ಟು ಬಂತು.

"ರೇಸ್ ಮುಗಿದ ಮೇಲೆ ಏನೋ ಕೇಳೋದಿದೆ ಅಂದಿದ್ರಿ."

"ನನ್ನ ಮದುವೆ ಆಗ್ತೀಯಾ ಅಂತ ಕೇಳೋದಿತ್ತು. ಈಗ ಕೇಳೋಕೆ ಮುಖ ಇಲ್ಲ."

"ಮೂರು ವರ್ಷದ ಕೋಪ ಒಂದೇ ದಿನಕ್ಕೆ ಇಳಿಯಲ್ಲ."

"ದಿನಾ ಬರ್ತೀನಿ."

ಅವಳು ಕಣ್ಣೊರೆಸಿಕೊಂಡಳು. ಕೈಯ ಎಣ್ಣೆ ಕೆನ್ನೆಗೆ ಮೆತ್ತಿತು.

"ಒಂಬತ್ತಕ್ಕೆ ಅಂಗಡಿ ತೆರೀತೀನಿ. ಮೊದ್ಲು ಕಸ ಗುಡಿಸು. ಆಮೇಲೆ ಕೇಳು."

ಅವನು ನಾಳೆಯವರೆಗೆ ಕಾಯಲಿಲ್ಲ.

"ಪೊರಕೆ ಎಲ್ಲಿದೆ?"