ಪುಟ್ಟಿಯ ಕೋಣೆಯ ಕ್ಯಾಮೆರಾ

ಪುಟ್ಟಿ ಜ್ವರದಿಂದ ಮಲಗಿದಾಗ, ಅಡುಗೆಮನೆಯಿಂದಲೇ ಮಗಳ ಮೇಲೆ ಕಣ್ಣಿಡಲೆಂದು ಅವಳ ಕೋಣೆಯಲ್ಲಿ ಕ್ಯಾಮೆರಾ ಇಟ್ಟೆವು. ಆದರೆ ವೈಫೈ ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತಿತ್ತು. ಕೋಣೆಯಲ್ಲಿ ಅವಳು ಕೆಮ್ಮಿ ಸುಮ್ಮನಾದ ಮೇಲೆ ನನ್ನ ಮೊಬೈಲಿನಲ್ಲಿ ಕೆಮ್ಮುತ್ತಿದ್ದಳು.

ಇಂಟರ್‌ನೆಟ್‌ನವನು ಬಂದು ರೂಟರಿನಿಂದ ಕ್ಯಾಮೆರಾದವರೆಗೆ ವೈರ್ ಎಳೆದ. "ಇನ್ನು ನೋಡಿ ಅಕ್ಕಾ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬರುತ್ತೆ," ಅಂದ.

"ಊಟಕ್ಕೆ ಕರೆದರೆ ನಮ್ಮನೆಯವರೂ ಇಷ್ಟು ಬೇಗ ಬರಲ್ಲಪ್ಪ," ಎಂದು ನಕ್ಕೆ.

ಮರುದಿನ ಪಾತ್ರೆ ತೊಳೆಯುತ್ತಿದ್ದಾಗ ಮೊಬೈಲಿನಲ್ಲಿ ಪುಟ್ಟಿ ಕೆಮ್ಮಿದಳು. ಕೈ ಒರೆಸಿಕೊಂಡು ಓಡಿದೆ. ಗಾಢ ನಿದ್ದೆಯಲ್ಲಿದ್ದಳು. ನಾನು ಹೊದಿಕೆ ಸರಿಮಾಡುತ್ತಿರುವಾಗ ಎದ್ದು ಕೆಮ್ಮಿದಳು. ಅದೇ ಕೆಮ್ಮು, ಕೊನೆಯಲ್ಲಿ ಅದೇ ಬಿಕ್ಕಳಿಕೆ.

ಆಮೇಲೆ ಚಿತ್ರ ಇನ್ನೂ ಮುಂದೆ ಓಡತೊಡಗಿತು. ಒಂದು ಬೆಳಿಗ್ಗೆ ಮೊಬೈಲಿನಲ್ಲಿ ನೀರಿನ ಗಾಜಿನ ಲೋಟ ಬಿದ್ದು ಒಡೆಯಿತು. ನಾನು ಕೂಡಲೇ ಲೋಟವನ್ನು ಕೋಣೆಯಿಂದ ಹೊರಗಿಟ್ಟೆ. ಸಂಜೆ ಇವರು ತಿಳಿಯದೆ ಅದನ್ನೇ ತಂದಿಟ್ಟರು, ಒಡೆಯಿತು. "ಕ್ಯಾಮೆರಾ ಕೆಟ್ಟಿರಬೇಕು ಕಣೇ, ತಲೆ ಕೆಡಿಸ್ಕೋಬೇಡ," ಅಂದರು.

ನಿನ್ನೆಯಿಂದ ಮೊಬೈಲಿನಲ್ಲಿ ಹಾಸಿಗೆ ಖಾಲಿ ಇದೆ. ಹೊದಿಕೆ ಮಡಚಿಟ್ಟಿದೆ. ಪಕ್ಕದಲ್ಲಿ, ನೆಲದ ಮೇಲೆ, ನಾನೊಬ್ಬಳೇ ಕೂತಿದ್ದೇನೆ. ವೈರ್ ಕಿತ್ತೆ, ರೂಟರ್ ಆರಿಸಿದೆ, ಕ್ಯಾಮೆರಾ ಹೊರಗೆ ಎಸೆದೆ. ಚಿತ್ರ ಹೋಗಲಿಲ್ಲ.

ಜ್ವರ ಇಳಿದಿದೆ, ಇನ್ನು ಹೆದರಬೇಕಾಗಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಪುಟ್ಟಿ ಎದ್ದು ಕೂತಿದ್ದಾಳೆ. "ಅಮ್ಮಾ, ಕೈ ಬಿಡು, ಬೆವರ್ತಿದೆ," ಅಂತಾಳೆ.

ನಾನು ಬಿಟ್ಟಿಲ್ಲ.