ನೀರು ಬತ್ತದ ಕಾಯಿ

ಅಟ್ಟದ ಮೇಲಿನ ಬಾವಲಿ ಹಿಕ್ಕೆಯನ್ನು ಅರ್ಧ ಗುಡಿಸಿದ್ದ ಅಜೀಮುನ್ನೀಸಾಳ ಪೊರಕೆಗೆ ಗುಂಡಗಿನದೇನೋ ತಗುಲಿತು. ಕೆಂಪು ಬಟ್ಟೆಯಲ್ಲಿ ಸುತ್ತಿ, ಹೆಂಗಸಿನ ಉದ್ದ ಕೂದಲಿನಿಂದ ಬಿಗಿದಿದ್ದ ತೆಂಗಿನಕಾಯಿ.

ಎತ್ತಿ ತೋರಿಸಿದಾಗ ಕೆಳಗೆ ಏಣಿ ಹಿಡಿದಿದ್ದ ಭೂತಮ್ಮನ ಮುಖ ಬಿಳಿಚಿಕೊಂಡಿತು. ಗಾರೆ ಕೆಲಸಕ್ಕೆ ಬರುತ್ತಿದ್ದ ಪಕ್ಕದ ಹಟ್ಟಿಯ ಮುದುಕಿ ಅವಳು.

“ಅಲ್ಲಾಡಿಸಬ್ಯಾಡ ಕಣಮ್ಮ. ಇದ್ದಂಗೇ ಬುಡು.”

ಅಜೀಮುನ್ನೀಸಾ ನಕ್ಕಳು. “ಮನೆ ಪಾಳು ಬಿದ್ದೇ ಮೂವತ್ತು ವರ್ಷ ಆಯ್ತು, ಅಷ್ಟು ಹಳೇ ಕಾಯಿ. ಅದೇನು ನನ್ ಹತ್ರ ಕೂಲಿ ಕೇಳ್ತದಾ?”

ತಿಪಟೂರಿನ ಕೊಬ್ಬರಿ ಶೆಡ್ಡುಗಳಲ್ಲಿ ಇಪ್ಪತ್ತು ವರ್ಷ ಕಾಯಿ ಸುಲಿದವಳು ಅವಳು. ಒಳಗೆ ಗಡಗಡ ಉರುಳಿದರೆ ಒಣಗಿದ ಗಿಟುಕು ಕೊಬ್ಬರಿ, ನೀರು ಕುಲುಕಿದರೆ ಇನ್ನೂ ಹಸಿ. ನಗುತ್ತಿದ್ದಂತೆಯೇ ಕೈ ತನ್ನಷ್ಟಕ್ಕೆ ಕಾಯಿಯನ್ನು ಕಿವಿಗೆ ತಂದು ಅಲ್ಲಾಡಿಸಿತು.

ನೀರು ಕುಲುಕಿತು. ಬೆಚ್ಚಗೆ, ದಪ್ಪಗೆ. ಅವಳು ಬೆಚ್ಚಿ ಕಾಯಿಯನ್ನು ಅಲ್ಲೇ ಇಟ್ಟು ಇಳಿದಳು.

ಬೋರನಕಣಿವೆಯ ಆಚೆ, ಕುರುಚಲು ಕಾಡಿನಂಚಿನ ಈ ಪಾಳು ಕಾಟೇಜನ್ನು ಅವಳ ಗಂಡ ಲಿಯಾಕತ್ ಅಲಿ, ತನ್ನ ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಆಸೆಪಟ್ಟು ಕೊಂಡಿದ್ದ. ರಜೆ ಬಂದರೆ ಮಕ್ಕಳು ಮೊಮ್ಮಕ್ಕಳೆಲ್ಲ ಇಲ್ಲಿ ಸೇರಬೇಕು ಎಂಬುದೊಂದೇ ಅವನ ಮಾತು. ಮಗಳು ಯಾಸ್ಮಿನ್ ಕೂಡ ಮನೆ ನೋಡಲು ಬಂದು ಜಗಲಿಯಲ್ಲಿ ಕೂತಿದ್ದಳು. ಎರಡು ಸಲ ಗರ್ಭ ಇಳಿದು, ಈಗ ಮೂರನೆಯದಕ್ಕೆ ಏಳು ತಿಂಗಳು ತುಂಬಿತ್ತು.

“ಅಮ್ಮಿ,” ಅವಳ ದನಿ ಸಣ್ಣಗಾಗಿತ್ತು. “ಇಷ್ಟೊತ್ತೂ ಒದೀತಿತ್ತು. ಈಗ ಏನೂ ಇಲ್ಲ.”

ಬೆಲ್ಲದ ನೀರು ಕುಡಿಸಿದರು. ಎಡಮಗ್ಗುಲಾಗಿ ಮಲಗಿಸಿದರು. ಹೊಟ್ಟೆ ಕಲ್ಲಿನಂತೆ ಸುಮ್ಮನಿತ್ತು. ಲಿಯಾಕತ್ ಕಾರು ತರಲು ಓಡಿದ.

ಭೂತಮ್ಮನ ಮಾತು ನೆನಪಾಗಿ ಅಜೀಮುನ್ನೀಸಾ ಮತ್ತೆ ಏಣಿ ಹತ್ತಿದಳು. ಕಮಟು ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಕಾಯಿಗೆ ಕಿವಿ ಇಟ್ಟಳು.

ಒಳಗೆ ಏನೋ ಒದೆಯಿತು. ಮೆತ್ತಗೆ. ಪುಟ್ಟ ಹಿಮ್ಮಡಿಯಂತೆ. ಮತ್ತೆ ಒದೆಯಿತು.

ಕಾಯಿ ಹಿಡಿದು ಕೆಳಗಿಳಿದವಳಿಗೆ ಭೂತಮ್ಮ ಪಿಸುದನಿಯಲ್ಲಿ ಹೇಳಿದಳು. ಈ ಮನೆ ಕಟ್ಟಿಸಿದ್ದ ಕಂಟ್ರಾಕ್ಟರನ ಹಿರಿ ಹೆಂಡತಿಗೆ ಮಕ್ಕಳಿರಲಿಲ್ಲ. ಬಸುರಿಯಾದ ಕಿರಿ ಹೆಂಡತಿಯ ಹೊಟ್ಟೆಯನ್ನು ಮಾಟ ಮಾಡಿಸಿ ಈ ಕಾಯಿಯಲ್ಲಿ ಕಟ್ಟಿಸಿದಳು. ಕಿರಿಯವಳು ಹೆರಲಾರದೆ ಸತ್ತಳು. ಸೂಲಗಿತ್ತಿಯಾಗಿ ಬಂದಿದ್ದ ಭೂತಮ್ಮನ ತಾಯಿ ಕಣ್ಣಾರೆ ಕಂಡ ಸಂಗತಿ. ಅಂದಿನಿಂದ, ಅಲ್ಲಾಡಿಸಿದವರ ಕರುಳಬಳ್ಳಿಯಲ್ಲಿ ಹುಟ್ಟಬೇಕಾದ ಕೂಸನ್ನು ಕಾಯಿ ಒಳಗೆಳೆದುಕೊಳ್ಳುತ್ತದೆ.

“ಬುಡ್ಸೋಕಾಗಲ್ವಾ?”

“ಒಡ್ದು ನೀರು ಕುಡೀಬೇಕು. ಆದ್ರೆ ಕುಡಿದೋಳು ಆ ಕೂಸ್ನ ಯಾವತ್ತೂ ಮುಟ್ಟಂಗಿಲ್ಲ. ಮುಟ್ಟಿದ್ರೆ ತಣ್ಣಗಾಗೋಯ್ತದೆ.” ಮುದುಕಿ ತಲೆ ತಗ್ಗಿಸಿದಳು. “ಆವತ್ತು ಕುಡಿಯೋಕೆ ಈ ಮನೇಲಿ ಯಾರೂ ಮುಂದೆ ಬರ್ಲಿಲ್ಲ.”

ಕೂದಲಿನ ಕಟ್ಟು ಅಜೀಮುನ್ನೀಸಾಳ ಬೆರಳಿಗೆ ಸುತ್ತಿಕೊಂಡಿತು. ಹರಿದಳು. ಮತ್ತೆ ಸುತ್ತಿತು. ಮೂಲೆಯಲ್ಲಿದ್ದ ಮಚ್ಚು ಎತ್ತಿದಳು. ಒಂದೇ ಏಟು. ಹೆರಿಗೆ ಕೋಣೆಯ ವಾಸನೆ. ಉಪ್ಪುಪ್ಪು ನೀರು. ಕಣ್ಣುಮುಚ್ಚಿ ಕುಡಿದಳು. ಕೊನೆಯ ಹನಿಯವರೆಗೂ.

“ಅಮ್ಮಿ! ಒದೀತು!”

ಕೈಯಲ್ಲಿ ಎರಡು ಬರಿ ಕರಟಗಳಿದ್ದವು. ಜಗಲಿಯಲ್ಲಿ ಯಾಸ್ಮಿನ್ ನಗುತ್ತಾ ಅಳುತ್ತಿದ್ದಳು. ಮುಟ್ಟಿ ನೋಡು ಎಂದು ತಾಯಿಯ ಕೈಗಾಗಿ ಕೈ ಚಾಚಿದಳು. ಕೈಯೆಲ್ಲ ಗಲೀಜು ಎಂದು ಅಜೀಮುನ್ನೀಸಾ ಸೆರಗಿನಲ್ಲಿ ಮುಷ್ಟಿ ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಚೆನ್ನಾಗಿದೆ ಎಂದರು. ಮಾರನೆಯ ದಿನವೇ ಲಿಯಾಕತ್ ನಡುಮನೆಯ ತೊಲೆ ತೋರಿಸಿ, ತೊಟ್ಟಿಲಿನ ಕೊಂಡಿ ಎಲ್ಲಿ ಹಾಕಿಸಲಿ, ತೂಗುವವಳು ನೀನೇ ತಾನೇ ಎಂದು ಕೇಳಿದ.

ಅವಳು ಮನಸ್ಸಿನಲ್ಲೇ ಒಂದೊಂದಾಗಿ ಗೊತ್ತುಮಾಡಿಕೊಂಡಳು. ಕೂಸನ್ನು ನೋಡಲು ಎಲ್ಲರಿಗಿಂತ ಕೊನೆಗೆ ಹೋಗಬೇಕು. ಹೊಸ್ತಿಲಾಚೆಯೇ ನಿಲ್ಲಬೇಕು. ಯಾಸ್ಮಿನ್ ಎತ್ತಿ ಕೊಡಲು ಬಂದಾಗ ಸೊಂಟನೋವು ಎನ್ನಬೇಕು. ಮುಂದೆ ಅದೇ ಅಂಬೆಗಾಲಿಟ್ಟು ಬಂದರೆ ಎದ್ದು ಹೋಗಬೇಕು. ಕಲ್ಲೆದೆಯ ನಾನಿ ಅಂದುಕೊಳ್ಳಲಿ. ತನ್ನ ಕೂಸಿಗಾಗಿ ತಾಯಿ ಹೀಗಾದಳೆಂದು ಮಗಳಿಗೆ ತಿಳಿಯುವುದಕ್ಕಿಂತ ಅದೇ ವಾಸಿ.

ಅವಳು ಸೀಮೆಸುಣ್ಣ ತೆಗೆದುಕೊಂಡು, ಗಾಳಿ ಚೆನ್ನಾಗಿ ಬರುವ ಕಡೆ ನೋಡಿ, ತೊಲೆಯ ಮೇಲೆ ಗುರುತು ಹಾಕಿದಳು.